ಶತ್ರುಗಳ ಸರದಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್)

ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯ ಆಟಗಳ ಕಾಳಗದಲ್ಲಿ ಎದುರಾಳಿ ಜೀವಿಗಳು ಚಲಿಸಲು ಮತ್ತು ದಾಳಿ ಮಾಡಲು ಪಡೆಯುವ ಅವಕಾಶವೇ ಶತ್ರುಗಳ ಸರದಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳಲ್ಲಿ ಮೊದಲನೆಯದೆಂದು ಪರಿಗಣಿತವಾಗಿದೆ. ಇಲ್ಲಿನ ವಿವರಣೆಯು ಅದರ 2014ರ ಐದನೆಯ ಆವೃತ್ತಿಗೆ ಸಂಬಂಧಿಸಿದೆ.

ಕಾಳಗವು ಸುತ್ತುಗಳಾಗಿ ನಡೆಯುತ್ತದೆ. ಕಥೆಯೊಳಗೆ ಒಂದು ಸುತ್ತು ಸುಮಾರು 6 ಸೆಕೆಂಡುಗಳಿಗೆ ಸಮ. ಆರಂಭದಲ್ಲಿ ಎಲ್ಲರೂ 20 ಮುಖಗಳ ದಾಳವನ್ನು ಉರುಳಿಸಿ, ಅದಕ್ಕೆ ಪಾತ್ರದ ಚುರುಕುತನದ ಮಾಡಿಫೈಯರ್ ಅನ್ನು ಕೂಡಿಸುತ್ತಾರೆ. ಹೆಚ್ಚು ಮೊತ್ತ ಪಡೆದವರಿಗೆ ಮೊದಲ ಸರದಿ. ಶತ್ರುಗಳ ಪರವಾಗಿ ದಾಳ ಹಾಕುವವರು ಆಟದ ನಿರ್ವಾಹಕರಾದ ಡಂಜನ್ ಮಾಸ್ಟರ್. ಒಂದೇ ಬಗೆಯ ಜೀವಿಗಳ ಗುಂಪಿಗೆ ಅವರು ಒಮ್ಮೆ ಮಾತ್ರ ದಾಳ ಹಾಕುತ್ತಾರೆ. ಇದರಿಂದ ಲೆಕ್ಕ ಸುಲಭವಾಗುತ್ತದೆ. ಆದರೆ ಎಂಟು ಗಾಬ್ಲಿನ್‌ಗಳು ಒಟ್ಟಿಗೆ ಮೇಲೆರಗಿದಾಗ, ಆಟಗಾರರಿಗೆ ಪ್ರತ್ಯುತ್ತರ ನೀಡಲು ಅವಕಾಶ ಸಿಗುವ ಮೊದಲೇ ದುರ್ಬಲ ಪಾತ್ರವೊಂದು ನೆಲಕಚ್ಚಬಹುದು.

ಒಂಟಿ ಶತ್ರುವಿನ ತೊಡಕು ಇದಕ್ಕೆ ವಿರುದ್ಧವಾದುದು. ನಾಲ್ವರು ಆಟಗಾರರು ನಾಲ್ಕು ಸರದಿ ಪಡೆಯುವಾಗ ಡ್ರ್ಯಾಗನ್‌ಗೆ ದೊರೆಯುವುದು ಒಂದೇ. ಬಲಿಷ್ಠವಾಗಿದ್ದರೂ ಅದು ಬೇಗನೆ ಸೋಲುವ ಸಂಭವವಿದೆ. 'ಲೆಜೆಂಡರಿ ಆಕ್ಷನ್' ಎಂಬ ನಿಯಮ ಈ ಕೊರತೆಯನ್ನು ತುಂಬುತ್ತದೆ. ವಯಸ್ಕ ಡ್ರ್ಯಾಗನ್ ತನ್ನ ಎರಡು ಸರದಿಗಳ ನಡುವೆ ಇಂತಹ 3 ಕ್ರಿಯೆಗಳನ್ನು, ಇತರರ ಸರದಿ ಮುಗಿದ ಕೂಡಲೇ, ಒಂದೊಂದಾಗಿ ಬಳಸಬಲ್ಲದು. ಬಾಲದ ಹೊಡೆತಕ್ಕೆ ಒಂದು ಕ್ರಿಯೆ ಸಾಕು, ರೆಕ್ಕೆಯ ಹೊಡೆತಕ್ಕೆ ಎರಡು ವ್ಯಯವಾಗುತ್ತವೆ. ಹೀಗಾಗಿ ಆಟಗಾರರು ತಮ್ಮ ಸರದಿ ಮುಗಿಯಿತೆಂದು ನಿಶ್ಚಿಂತರಾಗುವಂತಿಲ್ಲ.

ಅನಿರೀಕ್ಷಿತ ದಾಳಿಗೆ ಗುರಿಯಾದವರು ಮೊದಲ ಸರದಿಯಲ್ಲಿ ಚಲಿಸುವಂತಿಲ್ಲ, ಕ್ರಿಯೆ ನಡೆಸುವಂತಿಲ್ಲ. 2024ರ ಪರಿಷ್ಕೃತ ನಿಯಮಗಳು ಇದನ್ನು ಸಡಿಲಿಸಿವೆ: ಅಂಥವರು ಸರದಿಯ ಕ್ರಮಕ್ಕಾಗಿ ಎರಡು ಬಾರಿ ದಾಳ ಉರುಳಿಸಿ ಕಡಿಮೆ ಸಂಖ್ಯೆಯನ್ನು ಸ್ವೀಕರಿಸಬೇಕು.