ಇಳಿವಯಸ್ಸಿನಲ್ಲಿ ವೃಷಣದ ಬಾವು: ನಾಚಿಕೆ ಬೇಡ, ವಿಳಂಬ ಸಲ್ಲ

ಚಿತ್ರದುರ್ಗ: ಅರವತ್ತು ದಾಟಿದ ಪುರುಷರಲ್ಲಿ ತೊಡೆಸಂದು ಹಾಗೂ ವೃಷಣದ ಭಾಗದಲ್ಲಿ ನೋವು, ಕೆಂಪು, ಊತ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಅದರ ಬಗ್ಗೆ ಬಾಯಿ ಬಿಡುವುದು ಮಾತ್ರ ಅಪರೂಪ. ‘ತರಡು ಬಾತಿದೆ’ ಎಂದು ಮನೆಯಾಕೆಗೂ ಹೇಳದೆ, ಮಗ-ಸೊಸೆಯ ಮುಂದೆ ಸುಳಿವು ಕೊಡದೆ, ‘ಉಷ್ಣ’ ಇಳಿಯಲೆಂದು ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ, ಎಳನೀರು ಕುಡಿದು ದಿನ ದೂಡುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಚಳಿಜ್ವರ ಬಂದು ಕಾಲು ಎತ್ತಿಡಲಾಗದ ಸ್ಥಿತಿ ತಲುಪಿದ ಬಳಿಕವಷ್ಟೇ ಆಸ್ಪತ್ರೆಯ ಮಾತು. ಎಳನೀರಿನಿಂದ ಅಪಾಯವಿಲ್ಲ, ಅದರ ನೆಪದಲ್ಲಿ ಕಳೆದುಹೋಗುವ ನಾಲ್ಕೈದು ದಿನಗಳಿಂದ ಅಪಾಯವಿದೆ.

ಪ್ರತಿ ವೃಷಣದ ಹಿಂಬದಿಗೆ ಅಂಟಿಕೊಂಡಂತೆ ಸುರುಳಿ ಸುತ್ತಿದ ತೆಳು ನಾಳವೊಂದಿದೆ. ಇದಕ್ಕೆ ಎಪಿಡಿಡಿಮಿಸ್ ಎಂದು ಹೆಸರು. ಬಿಡಿಸಿ ಎಳೆದರೆ ಸುಮಾರು 6 ಮೀಟರ್ ಉದ್ದವಾಗುವ ಈ ನಾಳದಲ್ಲಿಯೇ ವೀರ್ಯಾಣುಗಳು ಪಕ್ವಗೊಳ್ಳುತ್ತವೆ. ಸೋಂಕು ಸಾಮಾನ್ಯವಾಗಿ ಮೊದಲು ಇಲ್ಲಿ ಕಾಣಿಸಿಕೊಂಡು ನಂತರ ವೃಷಣಕ್ಕೆ ಹರಡುತ್ತದೆ. ಹೆಚ್ಚಿನವರಿಗೆ ಒಂದೇ ಬದಿಯಲ್ಲಿ ಬಾವು ಬರುತ್ತದೆ. ನೋವು ಒಂದೆರಡು ದಿನಗಳಲ್ಲಿ ಏರುತ್ತಾ ತೊಡೆಸಂದಿನ ಮೂಲಕ ಕಿಬ್ಬೊಟ್ಟೆಯವರೆಗೆ ಹಬ್ಬಬಹುದು.

ಮೂಲ ಮೇಲಿದೆ

ಯುವಕರಲ್ಲಿ ಈ ಕಾಯಿಲೆಗೆ ಲೈಂಗಿಕ ಸಂಪರ್ಕದಿಂದ ಬರುವ ಸೋಂಕು ಪ್ರಮುಖ ಕಾರಣ. ಇಳಿವಯಸ್ಸಿನಲ್ಲಿ ಕಥೆ ಬೇರೆ. ಇಲ್ಲಿ ಆರೋಪಿ ಬಹುಪಾಲು ಮೂತ್ರ. ವಯಸ್ಸಾದಂತೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರನಾಳವನ್ನು ಒತ್ತತೊಡಗುತ್ತದೆ. ರಾತ್ರಿ ಮೂರು ನಾಲ್ಕು ಬಾರಿ ಏಳಬೇಕಾಗುವುದು, ಮೂತ್ರದ ಧಾರೆ ಸಣ್ಣದಾಗುವುದು, ಮುಗಿಯಿತೆಂದುಕೊಂಡ ಮೇಲೂ ತೊಟ್ಟಿಕ್ಕುವುದು ಇದರ ಲಕ್ಷಣಗಳು. ‘ವಯಸ್ಸಾಯಿತಲ್ಲ’ ಎಂದು ಇವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೂರ್ಣ ಖಾಲಿಯಾಗದ ಮೂತ್ರಕೋಶದಲ್ಲಿ ನಿಂತ ಮೂತ್ರವು ಹರಿವಿಲ್ಲದ ಕೆರೆಯ ನೀರಿನಂತೆ; ಕರುಳಿನಲ್ಲಿ ವಾಸಿಸುವ ಇ-ಕೊಲೈ ಮುಂತಾದ ಬ್ಯಾಕ್ಟೀರಿಯಾಗಳು ಅಲ್ಲಿ ವೃದ್ಧಿಯಾಗುತ್ತವೆ. ವೀರ್ಯನಾಳದ ಮೂಲಕ ಹಿಮ್ಮುಖವಾಗಿ ಇಳಿದು ಎಪಿಡಿಡಿಮಿಸ್ ತಲುಪುತ್ತವೆ. ಆದ್ದರಿಂದ ಊತ ಕೆಳಗೆ ಕಂಡರೂ ಅದರ ಮೂಲ ಮೇಲಿರುತ್ತದೆ. ಬಾವು ಇಳಿಸಿ ಮೂತ್ರದ ತಡೆಯನ್ನು ಹಾಗೆಯೇ ಬಿಟ್ಟರೆ ಅದು ಮರುಕಳಿಸುವ ಸಂಭವ ಹೆಚ್ಚು.

ಮೂತ್ರಕ್ಕೆ ಪೈಪು (ಕ್ಯಾತಿಟರ್) ಹಾಕಿಸಿಕೊಂಡವರು, ಇತ್ತೀಚೆಗೆ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೆ ಒಳಗಾದವರು ಹಾಗೂ ಮಧುಮೇಹಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಪೈಪಿನೊಂದಿಗೆ ಮನೆಯಲ್ಲಿರುವ ಹಿರಿಯರ ಮೂತ್ರಚೀಲ ಸದಾ ಸೊಂಟಕ್ಕಿಂತ ಕೆಳಗಿರಬೇಕು. ಎಷ್ಟೋ ಮನೆಗಳಲ್ಲಿ ಅದನ್ನು ಮಂಚದ ಮೇಲೆಯೇ ಪಕ್ಕದಲ್ಲಿ ಇಟ್ಟಿರುತ್ತಾರೆ.

ಇನ್ನೊಂದು ಸಂಗತಿ. ನೆಗಡಿ, ಶೀತಕ್ಕೆಂದು ಔಷಧದಂಗಡಿಯಲ್ಲಿ ಕೇಳಿ ಪಡೆಯುವ ಕೆಲವು ಮಾತ್ರೆಗಳು ಪ್ರಾಸ್ಟೇಟ್ ಬೆಳೆದಿರುವವರಲ್ಲಿ ಮೂತ್ರವನ್ನು ಪೂರ್ತಿ ಕಟ್ಟಿಬಿಡಬಲ್ಲವು.

ಮಂದೆ ಇರುವವರು ಹೇಳಲೇಬೇಕಾದ ಮಾತು

ಮೇಲಿನದೆಲ್ಲ ಯಾವ ಊರಿನ ಹಿರಿಯರಿಗೂ ಅನ್ವಯಿಸುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ಪ್ರತ್ಯೇಕವಾಗಿ ಗಮನಿಸಬೇಕಾದ ಕಾರಣವೊಂದಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಟ್ಟಿಗಳಲ್ಲಿ ಕುರಿ-ಮೇಕೆ ಸಾಕಣೆ ತಲೆಮಾರುಗಳ ಕಸುಬು. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ ಕುರಿಗಳ ಸಂಖ್ಯೆ 1 ಕೋಟಿ 10 ಲಕ್ಷ ದಾಟಿತ್ತು. ಈ ಪ್ರಾಣಿಗಳಲ್ಲಿ ಗರ್ಭಪಾತ ಉಂಟುಮಾಡುವ, ರೈತರು ‘ಕಂದು ಹಾಕುವ ರೋಗ’ ಎಂದು ಕರೆಯುವ ಬ್ರುಸೆಲ್ಲೋಸಿಸ್ ಮನುಷ್ಯರಿಗೂ ಹರಡುತ್ತದೆ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ 1887ರಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಇದರ ರೋಗಾಣುವನ್ನು ಗುರುತಿಸಿದರು. ಅಲ್ಲಿನ ಸೈನಿಕರಿಗೆ ಜ್ವರ ಬರುತ್ತಿದ್ದುದು ಮೇಕೆಯ ಹಸಿ ಹಾಲಿನಿಂದ ಎಂಬುದು 1905ರಲ್ಲಿ ಥೆಮಿಸ್ಟೊಕ್ಲಿಸ್ ಜಮ್ಮಿಟ್ ಅವರ ಶೋಧದಿಂದ ದಾರಿ ಕಂಡುಕೊಂಡಿತು.

ರೋಗಾಣು ದೇಹ ಸೇರುವ ಮಾರ್ಗಗಳು ಹಟ್ಟಿಯ ದಿನಚರಿಯಲ್ಲಿಯೇ ಇವೆ. ಕಾಯಿಸದೆ ಕುಡಿಯುವ ನೊರೆಹಾಲು, ಕುರಿ ಈಯುವಾಗ ಬರಿಗೈಯಲ್ಲಿ ಮರಿ ಎಳೆಯುವುದು, ಕಂದು ಹಾಕಿದ ಭ್ರೂಣವನ್ನೂ ಮಾಸನ್ನೂ ಬರಿಗೈಯಲ್ಲಿ ಎತ್ತಿ ಎಸೆಯುವುದು, ರೊಪ್ಪದ ಧೂಳು. ಕೈಯಲ್ಲಿ ಒಂದು ಗೀರು ಗಾಯವಿದ್ದರೂ ಸಾಕು.

ಮನುಷ್ಯರಲ್ಲಿ ಇದು ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಕೀಲುನೋವು, ಸೊಂಟನೋವಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ರೋಗ ತಗುಲಿದ ಪುರುಷರಲ್ಲಿ ನೂರಕ್ಕೆ 2ರಿಂದ 20 ಮಂದಿಯಲ್ಲಿ ವೃಷಣ ಬಾಯುತ್ತದೆ ಎಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಇಂಥವರಲ್ಲಿ ಮೂತ್ರ ಪರೀಕ್ಷೆ ಬಹುಪಾಲು ಸರಿಯಾಗಿಯೇ ಇರುತ್ತದೆ. ತೊಡಕು ಇರುವುದು ಇಲ್ಲಿಯೇ. ಐದು ದಿನದ ಸಾಮಾನ್ಯ ಮಾತ್ರೆಯಿಂದ ಇದು ವಾಸಿಯಾಗುವುದಿಲ್ಲ. ಡಾಕ್ಸಿಸೈಕ್ಲಿನ್ ಜೊತೆಗೆ ಮತ್ತೊಂದು ಔಷಧವನ್ನು ಸೇರಿಸಿ ಕನಿಷ್ಠ ಆರು ವಾರ ಚಿಕಿತ್ಸೆ ನೀಡಬೇಕಾಗುತ್ತದೆ. ನಡುವೆ ಬಿಟ್ಟರೆ ಜ್ವರ ಮರಳುತ್ತದೆ. ರೋಸ್ ಬೆಂಗಾಲ್ ಎಂಬ ಸರಳ ರಕ್ತಪರೀಕ್ಷೆಯಿಂದ ಮೊದಲ ಸುಳಿವು ಸಿಗುತ್ತದೆ. ಆದರೆ ಮನೆಯಲ್ಲಿ ಮಂದೆಯಿದೆ, ಈ ಸುಗ್ಗಿಯಲ್ಲಿ ಎರಡು ಕುರಿ ಕಂದು ಹಾಕಿದವು ಎಂದು ರೋಗಿ ಹೇಳದಿದ್ದರೆ, ವೈದ್ಯರೂ ಕೇಳದಿದ್ದರೆ, ಆ ಪರೀಕ್ಷೆ ಬರೆಯುವವರಾರು? ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಈ ಪ್ರಶ್ನೆ ಬಿಟ್ಟುಹೋಗುವುದು ಸಹಜ. ಹೀಗಾಗಿ ಕೇಳದಿದ್ದರೂ ಹೇಳುವುದು ಕ್ಷೇಮ.

ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ರೋಗದ ವಿರುದ್ಧ ಲಸಿಕೆ ನಿಗದಿಯಾಗಿದ್ದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಅಂದರೆ ಹಸು ಮತ್ತು ಎಮ್ಮೆಯ ಕರುಗಳಿಗೆ. ಮನುಷ್ಯರಲ್ಲಿ ಹೆಚ್ಚು ತೀವ್ರ ಕಾಯಿಲೆ ತರುವ ರೋಗಾಣುವಿನ ಆಶ್ರಯ ಮಾತ್ರ ಕುರಿ ಮತ್ತು ಮೇಕೆ. ಕುರಿಗಾರರ ಮಟ್ಟಿಗೆ ಸದ್ಯದ ರಕ್ಷಣೆ ಎಂದರೆ ಕೈಗವಸು, ಸೋಪು, ಕಂದು ಮತ್ತು ಮಾಸನ್ನು ನಾಯಿಗೆ ಸಿಗದಂತೆ ಆಳವಾಗಿ ಹೂಳುವುದು, ಹಾಲನ್ನು ಉಕ್ಕಿಸಿ ಕುಡಿಯುವುದು.

ಕ್ಷಯವೂ ಇರಬಹುದು

ನೋವು ಅಷ್ಟಾಗಿಲ್ಲದೆ ತಿಂಗಳುಗಟ್ಟಲೆ ನಿಧಾನವಾಗಿ ಗಟ್ಟಿಯಾಗುವ ಗಂಟು, ಚೀಲದ ಚರ್ಮದಲ್ಲಿ ಒಣಗದೆ ಸೋರುವ ರಂಧ್ರ, ಮೂತ್ರದಲ್ಲಿ ಕೀವುಕಣಗಳಿದ್ದರೂ ಕಲ್ಚರ್‌ನಲ್ಲಿ ಏನೂ ಬೆಳೆಯದಿರುವುದು ಕ್ಷಯದ ಸೂಚನೆಗಳು. ಕ್ಷಯವೆಂದರೆ ಶ್ವಾಸಕೋಶ ಮಾತ್ರವಲ್ಲ. ಪರೀಕ್ಷೆ ಮತ್ತು ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ನೀಡುವ ಮಾಸಿಕ ನೆರವನ್ನು 2024ರ ನವೆಂಬರ್‌ನಿಂದ 500 ರೂ.ನಿಂದ 1,000 ರೂ.ಗೆ ಏರಿಸಲಾಗಿದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಬ್ರುಸೆಲ್ಲಾ ರೋಗಾಣುವಿನ ಮೇಲೂ ಕೆಲಸ ಮಾಡುತ್ತದೆ. ಹೀಗಾಗಿ ಖಚಿತಪಡಿಸಿಕೊಳ್ಳದೆ ಚಿಕಿತ್ಸೆ ಆರಂಭಿಸಿದರೆ ಒಂದು ರೋಗ ಇನ್ನೊಂದರ ಹೆಸರಿನಲ್ಲಿ ಅರ್ಧಕ್ಕೆ ವಾಸಿಯಾದಂತೆ ಕಾಣುವುದುಂಟು.

ಆನೆಕಾಲು ರೋಗದಿಂದಲೂ ವೃಷಣಚೀಲ ಬಾಯುತ್ತದೆ. ಆದರೆ ರಾಜ್ಯದಲ್ಲಿ ಅದರ ನೆಲೆ ಕರಾವಳಿ ಮತ್ತು ಕಲಬುರಗಿ, ಬೀದರ್, ವಿಜಯಪುರದ ಕಡೆಯ ಜಿಲ್ಲೆಗಳು. ಚಿತ್ರದುರ್ಗ ಆ ಪಟ್ಟಿಯಲ್ಲಿಲ್ಲ. ಇನ್ನು ನೋವೇ ಇಲ್ಲದೆ ವೃಷಣ ಗಟ್ಟಿಯಾಗಿ ದೊಡ್ಡದಾದರೆ ಗಡ್ಡೆಯ ಶಂಕೆ ಬರಬೇಕು. ಅರವತ್ತರ ನಂತರ ಈ ಭಾಗದ ಕ್ಯಾನ್ಸರ್‌ಗಳಲ್ಲಿ ಲಿಂಫೋಮಾ ಪ್ರಮುಖವಾದುದು.

ಅದೇ ದಿನ ಹೋಗಬೇಕಾದ ಸಂದರ್ಭ

ತೊಡೆಸಂದಿನ ಹರ್ನಿಯಾ ಮಲಗಿದರೂ ಒಳಹೋಗದೆ ಗಟ್ಟಿಯಾಗಿ, ವಾಂತಿ ಶುರುವಾಗಿ, ಗಾಳಿ-ಮಲ ನಿಂತರೆ ಕರುಳು ಸಿಕ್ಕಿಕೊಂಡಿದೆ ಎಂದರ್ಥ. ಮಧುಮೇಹಿಗಳಲ್ಲಿ ಚೀಲದ ಚರ್ಮ ಕಪ್ಪಾಗುವುದು, ದುರ್ವಾಸನೆ, ಒತ್ತಿದರೆ ಗುಳ್ಳೆ ಒಡೆದಂಥ ಸದ್ದು ಗ್ಯಾಂಗ್ರೀನ್ ಸೂಚನೆ. ಇದು ಗಂಟೆಗಳ ಲೆಕ್ಕದಲ್ಲಿ ಹರಡುತ್ತದೆ. ಹಠಾತ್ತನೆ, ನಿಮಿಷಗಳಲ್ಲಿ ಏರುವ ಅಸಹನೀಯ ನೋವು ವೃಷಣ ತಿರುಚಿಕೊಂಡದ್ದರಿಂದಲೂ ಇರಬಹುದು. ಹಿರಿಯರಲ್ಲಿ ಇದು ವಿರಳವಾದರೂ ಇಲ್ಲವೆನ್ನಲಾಗದು. ಮೂತ್ರ ಪೂರ್ತಿ ಕಟ್ಟಿದರೂ ಬೆಳಗಿನವರೆಗೆ ಕಾಯಬಾರದು.

ಪರೀಕ್ಷೆ, ಚಿಕಿತ್ಸೆ

ಮೊದಲ ಮಾತ್ರೆ ನುಂಗುವ ಮುನ್ನ ಮೂತ್ರವನ್ನು ಕಲ್ಚರ್‌ಗೆ ಕೊಡುವುದು ಅತ್ಯವಶ್ಯ. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಗಳಿಗೆ ನಮ್ಮ ದೇಶದ ಇ-ಕೊಲೈಗಳು ವ್ಯಾಪಕವಾಗಿ ಬಗ್ಗದಂತಾಗಿವೆ. ಯಾವುದು ನಾಟುತ್ತದೆ ಎಂಬುದನ್ನು ಕಲ್ಚರ್ ಹೇಳುತ್ತದೆ. ಉರಿಮೂತ್ರಕ್ಕೆ ಕೊಡುವ ನೈಟ್ರೊಫ್ಯುರಾಂಟೊಯಿನ್ ಮೂತ್ರಕೋಶದಲ್ಲಿ ಕೆಲಸ ಮಾಡುತ್ತದೆಯೇ ಹೊರತು ಎಪಿಡಿಡಿಮಿಸ್ ತಲುಪುವುದಿಲ್ಲ. ಹಳೆಯ ಚೀಟಿ ಹಿಡಿದು ಮತ್ತೆ ಅದೇ ಮಾತ್ರೆ ಕೊಳ್ಳುವವರು ಇದನ್ನು ಗಮನಿಸಬೇಕು. ಡಾಪ್ಲರ್ ಸಹಿತ ಸ್ಕ್ಯಾನಿಂಗ್, ರಕ್ತದ ಸಕ್ಕರೆ, ಮೂತ್ರ ವಿಸರ್ಜಿಸಿದ ಮೇಲೆ ಒಳಗೆಷ್ಟು ಉಳಿದಿದೆ ಎಂಬ ಅಳತೆ, ಇವಿಷ್ಟು ಆಗಲೇಬೇಕು. ಪ್ರಾಸ್ಟೇಟ್‌ನ ಪಿಎಸ್‌ಎ ಪರೀಕ್ಷೆಗೆ ಮಾತ್ರ ಅವಸರ ಬೇಡ. ಸೋಂಕಿನ ಸಮಯದಲ್ಲಿ ಅದರ ಅಂಕಿ ತಾನಾಗಿಯೇ ಏರಿ ಕ್ಯಾನ್ಸರಿನ ಭೀತಿ ಹುಟ್ಟಿಸುತ್ತದೆ. ಸುಮಾರು ಆರು ವಾರಗಳ ನಂತರ ಮಾಡಿಸುವುದು ಸೂಕ್ತ.

ಸಾಮಾನ್ಯ ಸೋಂಕಿಗೆ ಆಂಟಿಬಯಾಟಿಕ್ 10ರಿಂದ 14 ದಿನ ಬೇಕಾಗುತ್ತದೆ. ಮೂರು ದಿನಗಳಲ್ಲಿ ಜ್ವರ, ನೋವು ಇಳಿಯದಿದ್ದರೆ ಕೀವು ಕಟ್ಟಿದೆಯೇ ಎಂದು ಮತ್ತೆ ನೋಡಿಸಬೇಕು. ಮಲಗಿದಾಗ ಚೀಲದ ಕೆಳಗೆ ಮಡಿಸಿದ ಟವೆಲ್, ಎದ್ದಾಗ ಬಿಗಿಯಾದ ಒಳಉಡುಪು ಎಂದು ವೈದ್ಯರು ಹೇಳುವುದನ್ನು ನಮ್ಮ ಅಜ್ಜಂದಿರ ಲಂಗೋಟಿ ಚೆನ್ನಾಗಿಯೇ ಪೂರೈಸುತ್ತದೆ. ನೋವಿನ ಮಾತ್ರೆಗಳನ್ನು, ವಿಶೇಷವಾಗಿ ಮೂತ್ರಪಿಂಡದ ತೊಂದರೆ ಅಥವಾ ಬಿ.ಪಿ. ಇರುವವರು, ಕೇಳದೆ ನುಂಗಬಾರದು. ಸೋಂಕು ಹೋದ ನಂತರವೂ ಗಡಸು ಕೆಲ ವಾರ ಉಳಿಯುತ್ತದೆ. ಆರು ವಾರದ ನಂತರವೂ ಕರಗದಿದ್ದರೆ ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕು.

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲ ತಪಾಸಣೆ ಮಾಡಿಸಿಕೊಂಡು, ಅಗತ್ಯಬಿದ್ದರೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಬಿ.ದುರ್ಗ, ಚಿಕ್ಕಜಾಜೂರು ಕಡೆಯವರಿಗೆ ದಾವಣಗೆರೆಯೂ ಹತ್ತಿರ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಬೇಕಾದ ಬಿಪಿಎಲ್ ಕುಟುಂಬದವರು 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಬೇಕು. ತುರ್ತು ಸಂದರ್ಭ ಹೊರತುಪಡಿಸಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪಡಿತರ ಚೀಟಿ, ಆಧಾರ್ ಜೊತೆಗೆ ಹಿಂದಿನ ಔಷಧ ಚೀಟಿಗಳನ್ನೂ ಕೊಂಡೊಯ್ಯಬೇಕು.