ಮುಂಗಾರು ಮಳೆಯ ಆಗಮನ: ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳು

ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳು ಪಶ್ಚಿಮ ಘಟ್ಟದ ಪಶ್ಚಿಮ ಪಾರ್ಶ್ವದಲ್ಲಿವೆ. ನೈರುತ್ಯ ಮುಂಗಾರು ಸಾಮಾನ್ಯವಾಗಿ ಜೂನ್ 1ರಂದು ಕೇರಳವನ್ನು ಪ್ರವೇಶಿಸಿ, ಅದೇ ತಿಂಗಳ ಮೊದಲ ವಾರದಲ್ಲಿ ಈ ಪ್ರದೇಶವನ್ನು ತಲುಪುತ್ತದೆ. ಅರಬ್ಬೀ ಸಮುದ್ರದ ತೇವಭರಿತ ಗಾಳಿಯು ಘಟ್ಟಕ್ಕೆ ತಡೆಯಲ್ಪಟ್ಟು ಮೇಲೇರಿ ತಣಿಯುವುದರಿಂದ ಇಲ್ಲಿ ಮಳೆ ಅಧಿಕ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ.

ಪತ್ತನಾಜೆ

ತುಳು ಪಂಚಾಂಗದ ಬೇಷ ತಿಂಗಳ ಹತ್ತನೆಯ ದಿನವೇ ಪತ್ತನಾಜೆ. ಇದು ಮೇ 24 ಅಥವಾ 25ರ ಸುಮಾರಿಗೆ ಬರುತ್ತದೆ. ಅಂದಿಗೆ ನೇಮ, ಜಾತ್ರೆಗಳು ಮುಕ್ತಾಯಗೊಂಡು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಪತ್ತನಾಜೆಯಿಂದ ಮಳೆ ಹಿಡಿಯುವವರೆಗಿನ ಕೆಲವೇ ದಿನಗಳು ಪೂರ್ವಸಿದ್ಧತೆಯ ಕಾಲವಾಗಿರುತ್ತವೆ. ಕಟ್ಟಿಗೆ ಸಂಗ್ರಹಿಸುವುದು, ಮಾಡು ದುರಸ್ತಿಗೊಳಿಸುವುದು, ತೋಟದ ಬಸಿಗಾಲುವೆಗಳ ಹೂಳೆತ್ತುವುದು ಈ ಅವಧಿಯ ಕೆಲಸಗಳು. ಅಡಿಕೆಯ ಕೊಳೆರೋಗ ತಡೆಗೆ ಶೇ. 1ರ ಬೋರ್ಡೋ ದ್ರಾವಣವನ್ನು (1 ಕಿ.ಗ್ರಾಂ. ಮೈಲುತುತ್ತು, 1 ಕಿ.ಗ್ರಾಂ. ಸುಣ್ಣ, 100 ಲೀಟರ್ ನೀರು) ಮಳೆ ಆರಂಭಕ್ಕೆ ಮುನ್ನ ಒಮ್ಮೆ, 40ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕು.

ನದಿಗಳು

ಕುಮಾರಧಾರಾ ನದಿಯು ಘಟ್ಟದಿಂದಿಳಿದು ಸುಬ್ರಹ್ಮಣ್ಯದ ಮೂಲಕ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಎರಡೂ ನದಿಗಳು ಉಕ್ಕಿ ಸಹಸ್ರಲಿಂಗೇಶ್ವರ ದೇವಾಲಯದ ಬಳಿ ನೆರೆನೀರು ಒಂದಾದಾಗ ‘ಸಂಗಮ’ವೆಂದು ಪೂಜೆ ಸಲ್ಲಿಸುವ ಪದ್ಧತಿಯಿದೆ. 1974ರ ಮಹಾನೆರೆಯನ್ನು ಹಿರಿಯರು ಇಂದಿಗೂ ಸ್ಮರಿಸುತ್ತಾರೆ. ಸುಳ್ಯದ ಪಯಸ್ವಿನಿಯು ಕೊಡಗಿನ ಘಟ್ಟದಿಂದ ಬಂದು ಕಾಸರಗೋಡಿನತ್ತ ಸಾಗುತ್ತದೆ.

ಊರಿನಲ್ಲಿ ಮಳೆಯಿಲ್ಲದಿದ್ದರೂ ಘಟ್ಟದಲ್ಲಿ ಮಳೆ ಸುರಿದರೆ ಕೆಲವೇ ಗಂಟೆಗಳಲ್ಲಿ ಹೊಳೆ ಏರುತ್ತದೆ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು. ಸ್ನಾನಘಟ್ಟಗಳಲ್ಲಿ ಯಾತ್ರಾರ್ಥಿಗಳು ನೀರಿಗಿಳಿಯಬಾರದು. ಮುಳುಗಿದ ಸೇತುವೆಯನ್ನು ದಾಟಬಾರದು.

ಧರೆ ಕುಸಿತ

ಮನೆ ಕಟ್ಟಲು ಗುಡ್ಡವನ್ನು ನೇರವಾಗಿ ಕಡಿದ ಸ್ಥಳಗಳಲ್ಲಿ ಅಪಾಯ ಹೆಚ್ಚು. 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದಲ್ಲಿ ಭಾರಿ ಮಳೆಗೆ ಗುಡ್ಡ ಕುಸಿದು, ಮನೆಯೊಳಗಿದ್ದ ಇಬ್ಬರು ಮಕ್ಕಳು ಮೃತಪಟ್ಟರು. ನೆಲದಲ್ಲಿ ಬಿರುಕು, ಮರಗಳು ವಾಲುವುದು, ಧರೆಯಿಂದ ಕೆಸರುನೀರು ಹೊಸದಾಗಿ ಒಸರುವುದು ಮುನ್ಸೂಚನೆಗಳಾಗಿವೆ. ಇವು ಕಂಡುಬಂದಲ್ಲಿ ಕತ್ತಲಾಗುವ ಮೊದಲೇ ಮನೆ ತೆರವುಗೊಳಿಸಿ ಗ್ರಾಮ ಪಂಚಾಯತಿಗೆ ತಿಳಿಸಬೇಕು.

ಮುನ್ನೆಚ್ಚರಿಕೆ

ಭಾರತೀಯ ಹವಾಮಾನ ಇಲಾಖೆಯು 24 ಗಂಟೆಗಳಲ್ಲಿ 115.6ರಿಂದ 204.4 ಮಿ.ಮೀ. ಮಳೆಯನ್ನು ‘ಅತಿ ಭಾರಿ’ ಎಂದೂ, ಅದಕ್ಕೂ ಮೀರಿದುದನ್ನು ‘ಅತ್ಯಂತ ಭಾರಿ’ ಎಂದೂ ವರ್ಗೀಕರಿಸುತ್ತದೆ. ಕಿತ್ತಳೆ ಮತ್ತು ಕೆಂಪು ಎಚ್ಚರಿಕೆಯ ದಿನಗಳಲ್ಲಿ ಅನಗತ್ಯ ಪ್ರಯಾಣ ಸಲ್ಲದು. ತುಂಡಾದ ವಿದ್ಯುತ್ ತಂತಿಯನ್ನು ಮುಟ್ಟದೆ 1912ಕ್ಕೆ, ಇತರ ತುರ್ತು ಸಂದರ್ಭಗಳಲ್ಲಿ 1077 ಅಥವಾ 112ಕ್ಕೆ ಕರೆ ಮಾಡಲು ಕೋರಲಾಗಿದೆ.