ಪಾಠ ಒಪ್ಪಿಸಲು ಒಲ್ಲೆನೆಂದವರು

ಚಾಪೆಲಿನ ಗಂಟೆ ಬಾರಿಸುವಾಗ ಇನ್ನೂ ಕತ್ತಲು. ನ್ಯೂ ಹೇವನ್ ಊರಿನ ಚಳಿಯಲ್ಲಿ ಯೇಲ್ ಕಾಲೇಜಿನ ಹುಡುಗರು ಕೋಟು ಏರಿಸಿಕೊಂಡು ಪ್ರಾರ್ಥನೆಗೆ ಓಡಬೇಕು. ಅದು ಮುಗಿದದ್ದೇ ತಡ, ಹೊಟ್ಟೆಗೆ ಏನೂ ಬೀಳುವ ಮೊದಲೇ ಪಾಠ ಒಪ್ಪಿಸುವ ಸರದಿ. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಕಾಲೇಜು ಎಂದರೆ ಹೆಚ್ಚುಕಡಿಮೆ ಇಷ್ಟೇ: ಲ್ಯಾಟಿನ್, ಗ್ರೀಕ್, ಗಣಿತ, ಪ್ರಾರ್ಥನೆ.

ಉಪನ್ಯಾಸ ಕೇಳುವುದು ಅಪರೂಪ. ವಿದ್ಯಾರ್ಥಿಗಳಿಗಿಂತ ನಾಲ್ಕಾರು ವರ್ಷವಷ್ಟೇ ದೊಡ್ಡವನಾದ ಟ್ಯೂಟರ್ ಹೆಸರು ಕೂಗುತ್ತಿದ್ದ. ಕರೆಸಿಕೊಂಡವನು ಎದ್ದು ನಿಂತು ಹಿಂದಿನ ರಾತ್ರಿ ಉರು ಹೊಡೆದದ್ದನ್ನು ಕೂಲಿಮಠದ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ. ಟ್ಯೂಟರ್ ಪುಸ್ತಕದಲ್ಲಿ ಅಂಕ ಬರೆದುಕೊಳ್ಳುತ್ತಿದ್ದ. ಜೋಸಯಾ ಕ್ವಿನ್ಸಿ ಅಧ್ಯಕ್ಷರಾಗಿದ್ದಾಗ ಹಾರ್ವರ್ಡ್‌ನಲ್ಲಿ ಒಂದು ಪಾಠಕ್ಕೆ ಗರಿಷ್ಠ 8 ಅಂಕ. ಪ್ರಾರ್ಥನೆ ತಪ್ಪಿಸಿದರೆ ಆ ಗಳಿಕೆಯಲ್ಲೇ ಕಡಿತ. ಗ್ರೀಕ್ ವ್ಯಾಕರಣಕ್ಕೂ ಭಕ್ತಿಗೂ ಒಂದೇ ಲೆಕ್ಕದ ಪುಸ್ತಕ!

ಇಂಥ ಕಟ್ಟುಪಾಡಿನಲ್ಲಿ ಹುಡುಗರು ಸಿಡಿದೇಳುತ್ತಿದ್ದದ್ದು ಸಹಜವೇ. 1807ರಲ್ಲಿ ಪ್ರಿನ್ಸ್‌ಟನ್, 1823 ಮತ್ತು 1834ರಲ್ಲಿ ಹಾರ್ವರ್ಡ್ ದಂಗೆ ಕಂಡವು. ಎಲ್ಲಕ್ಕಿಂತ ವಿಚಿತ್ರ ಕಾರಣಕ್ಕೆ ನಡೆದದ್ದು 1830ರ ಯೇಲ್ ದಂಗೆ. ಅಲ್ಲಿಯವರೆಗೆ ಶಂಕುಜ ಗಣಿತದ ಪಾಠ ಒಪ್ಪಿಸುವಾಗ ಪುಸ್ತಕದ ಆಕೃತಿಗಳನ್ನು ನೋಡಿಕೊಳ್ಳಲು ಅವಕಾಶವಿತ್ತು. ಈಗ ಆಕೃತಿಯನ್ನು ನೆನಪಿನಿಂದಲೇ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಬೇಕೆಂಬ ಆಜ್ಞೆಯಾಯಿತು. ಹುಡುಗರು ಒಲ್ಲೆವೆಂದರು. 96 ಜನರ ತರಗತಿಯಲ್ಲಿ 43 ಜನರನ್ನು ಕಾಲೇಜು ಹೊರದಬ್ಬಿತು. ಅವರನ್ನು ಸೇರಿಸಿಕೊಳ್ಳಬೇಡಿ ಎಂದು ಬೇರೆ ಕಾಲೇಜುಗಳಿಗೂ ತಿಳಿಸಿತು. ಹೊರಬಿದ್ದವರಲ್ಲಿ ದೇಶದ ಉಪಾಧ್ಯಕ್ಷ ಜಾನ್ ಕ್ಯಾಲ್‌ಹೂನ್‌ರ ಮಗನೂ ಇದ್ದ. ಅಪ್ಪ ಅದೇ ಯೇಲ್‌ನ ಪದವೀಧರ; ಆ ನಂಟು ಮಗನ ನೆರವಿಗೆ ಬರಲಿಲ್ಲ.

ಊಟದ ಮನೆಯಲ್ಲೂ ಗಲಾಟೆ ತಪ್ಪುತ್ತಿರಲಿಲ್ಲ. ಹಾರ್ವರ್ಡ್‌ನ ಊಟದ ಮನೆಯಲ್ಲಿ ಯಾರೋ ಎಸೆದ ಒಣ ಬ್ರೆಡ್ಡಿನ ಚೂರು ವಿಲಿಯಂ ಪ್ರೆಸ್ಕಾಟ್ ಎಂಬ ಹುಡುಗನ ಒಂದು ಕಣ್ಣನ್ನೇ ಕಸಿದುಕೊಂಡಿತು. 1814ರಲ್ಲಿ ಪದವಿ ಪಡೆದ ಆತ, ಮುಂದೆ ಮೆಕ್ಸಿಕೋ ಮತ್ತು ಪೆರುವಿನ ಮೇಲೆ ಸ್ಪೇನ್ ನಡೆಸಿದ ದಂಡಯಾತ್ರೆಗಳ ಇತಿಹಾಸಕಾರನಾಗಿ ಹೆಸರಾದ.

ನಿಜವಾದ ಕಲಿಕೆ ನಡೆದದ್ದು ಬಹುಮಟ್ಟಿಗೆ ಪಾಠದ ಕೋಣೆಯ ಹೊರಗೆ. ಯೇಲ್‌ನ ಲಿನೋನಿಯಾ, ಬ್ರದರ್ಸ್ ಇನ್ ಯೂನಿಟಿ ಎಂಬ ಸಂಘಗಳನ್ನು ವಿದ್ಯಾರ್ಥಿಗಳೇ ನಡೆಸುತ್ತಿದ್ದರು. ಅಲ್ಲಿ ಚರ್ಚಾಕೂಟಗಳಿದ್ದವು, ಅವರದೇ ಪುಸ್ತಕಭಂಡಾರಗಳಿದ್ದವು. ಬಡ ಮನೆಯವರಿಗೆ ಇನ್ನೊಂದು ಪಾಠಶಾಲೆಯಿತ್ತು: ಚಳಿಗಾಲದಲ್ಲಿ ಹಳ್ಳಿಶಾಲೆಯ ಮೇಷ್ಟ್ರಾಗಿ ಫೀಸಿಗೆ ದುಡ್ಡು ಹೊಂದಿಸುವುದು. ಗಾಂಧೀಜಿ ಓದಿ ಮೆಚ್ಚಿದ ಥೋರೋ ಹಾರ್ವರ್ಡ್‌ನಲ್ಲಿದ್ದಾಗ ರಜೆ ಪಡೆದು ಕ್ಯಾಂಟನ್ ಎಂಬ ಊರಿನಲ್ಲಿ ಹೀಗೆ ಮಕ್ಕಳಿಗೆ ಪಾಠ ಹೇಳಿದ್ದ.

ಹೆಣ್ಣುಮಕ್ಕಳ ಪಾಡು ಬೇರೆ. ಓಹಾಯೋದ ಓಬರ್ಲಿನ್ ಕಾಲೇಜು 1837ರಲ್ಲಿ ಅವರನ್ನು ಪದವಿ ತರಗತಿಗೆ ಸೇರಿಸಿಕೊಂಡಿತು, 1841ರಲ್ಲಿ ಮೂವರಿಗೆ ಪದವಿ ಕೊಟ್ಟಿತು. ಓದಿನ ಜೊತೆಗೆ ಗಂಡುಹುಡುಗರ ಬಟ್ಟೆ ಒಗೆಯುವ, ಹೊಲಿಯುವ ಕೆಲಸವೂ ಅವರ ಪಾಲಿಗೇ ಬಂತು. 1847ರಲ್ಲಿ ಲೂಸಿ ಸ್ಟೋನ್‌ಗೆ ಪದವಿ ಸಮಾರಂಭದ ಪ್ರಬಂಧ ಬರೆಯುವ ಗೌರವ ಸಿಕ್ಕಿತು. ಆದರೆ ವೇದಿಕೆಯ ಮೇಲೆ ಅದನ್ನು ಗಂಡಸೊಬ್ಬ ಓದಬೇಕಿತ್ತು. ಹಾಗಾದರೆ ಬರೆಯುವುದೇ ಇಲ್ಲ ಎಂದಳು ಆಕೆ. ಕಪ್ಪು ಹಲಗೆಯ ಜಗಳಕ್ಕಿಂತ ಇದು ಎಷ್ಟೋ ತೂಕದ ಪ್ರತಿಭಟನೆ.

ಇವರೆಲ್ಲ ಬೆರಳೆಣಿಕೆಯ ಮಂದಿ. 3.85 ಕೋಟಿ ಜನಸಂಖ್ಯೆಯ ದೇಶದಲ್ಲಿ 1870ರ ಹೊತ್ತಿಗೆ ಕಾಲೇಜು ವಿದ್ಯಾರ್ಥಿಗಳು ಸುಮಾರು 52,000. ಆ ವರ್ಷ ಪದವಿ ಪಡೆದವರು ಹತ್ತು ಸಾವಿರವೂ ಇಲ್ಲ. ಎಂ.ಎ. ಮಾತ್ರ ಸಲೀಸಾಗಿ ಸಿಗುತ್ತಿತ್ತು. ಹಾರ್ವರ್ಡ್ ಪದವೀಧರ ಮೂರು ವರ್ಷ ಕಳೆದ ಮೇಲೆ 5 ಡಾಲರ್ ಕಟ್ಟಿದರೆ ಸಾಕು, ಪರೀಕ್ಷೆಯ ಗೊಡವೆಯಿಲ್ಲ. ಥೋರೋ ಆ 5 ಡಾಲರ್ ಕಟ್ಟಲಿಲ್ಲ. ಓದಿಯೇ ಎಂ.ಎ. ಗಳಿಸಬೇಕೆಂಬ ನಿಯಮ ಹಾರ್ವರ್ಡ್‌ನಲ್ಲಿ ಬಂದದ್ದು 1870ರ ದಶಕದಲ್ಲಿ.